10 ರೂಪಾಯಿಯ ಫಂಡ್ ಅಗ್ಗವೇ?

ಪ್ರಶ್ನೆ: ವಯಸ್ಸು 35, ಕುಮಟೆಯಲ್ಲಿ ಖಾಸಗಿ ನೌಕರಿ. ನಿವೃತ್ತಿಗೆ ಬೇಕಾದ ದುಡ್ಡನ್ನು ನಾನೇ ಜೋಡಿಸಿಕೊಳ್ಳಬೇಕೆಂದಿದ್ದೇನೆ. ಯಾವ ಮ್ಯೂಚುವಲ್ ಫಂಡ್ ಆರಿಸಲಿ? 10 ರೂಪಾಯಿಗೆ ಸಿಗುವ ಹೊಸ ಫಂಡ್ ಅಗ್ಗ ಅನ್ನುತ್ತಾರೆ, ಹೌದೇ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನಿಫ್ಟಿ 50 ಅಥವಾ ಸೆನ್ಸೆಕ್ಸ್ ಎಂಬ ಷೇರುಪೇಟೆ ಸೂಚ್ಯಂಕವನ್ನು ಅನುಸರಿಸಿ, ಅದರಲ್ಲಿರುವ ಷೇರುಗಳನ್ನೇ ಕೊಳ್ಳುವ ಒಂದು ಇಂಡೆಕ್ಸ್ ಫಂಡ್ ಸಾಕು. ಏಜೆಂಟರಿಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್, ಲಾಭವನ್ನು ಹಂಚದೆ ಫಂಡಿನಲ್ಲೇ ಬೆಳೆಯಲು ಬಿಡುವ ಗ್ರೋತ್ ಆಯ್ಕೆ. ಏರಿಳಿತವಿಲ್ಲದ ಭಾಗವೂ ಬೇಕಲ್ಲ, ಸಂಬಳದಲ್ಲಿ ಪಿಎಫ್ ಕಡಿತವಾಗುತ್ತಿದ್ದರೆ ಅದೇ ಆ ಭಾಗ. ಇಲ್ಲದಿದ್ದರೆ ಅಂಚೆ ಕಚೇರಿಯಲ್ಲಿ 15 ವರ್ಷದ ಪಿಪಿಎಫ್ ತೆರೆಯಿರಿ, ವರ್ಷಕ್ಕೆ 1.5 ಲಕ್ಷದವರೆಗೆ ಕಟ್ಟಬಹುದು. ಏಳೆಂಟು ಫಂಡ್ ಕೂಡಿಹಾಕಬೇಡಿ. ಬಿಚ್ಚಿ ನೋಡಿದರೆ ಹೆಚ್ಚಿನವುಗಳ ಒಳಗೆ ಅವೇ ದೊಡ್ಡ ಬ್ಯಾಂಕುಗಳ ಷೇರು ಇರುತ್ತವೆ.

ಇನ್ನು ಆ 10 ರೂಪಾಯಿ. ಶಿರಸಿಯವರು ಕೇಳುತ್ತಾರೆ, ಅಂಕೋಲೆಯವರು ಕೇಳುತ್ತಾರೆ, ಉತ್ತರ ಓದಿದವರೇ ಹೊಸ ಫಂಡಿನ ಜಾಹೀರಾತು ಬಂದೊಡನೆ ಮತ್ತೆ ಕೇಳುತ್ತಾರೆ. ದಯವಿಟ್ಟು ಈ ಸಲ ಪೆನ್ನು ಹಿಡಿದು ಕೂತು ಓದಿ.

ಫಂಡಿನ ಕೈಲಿರುವ ಷೇರುಗಳ ಅಂದಿನ ಬೆಲೆ ಕೂಡಿಸಿ, ಖರ್ಚು ಮತ್ತು ಬಾಕಿ ಕಳೆದು, ಯೂನಿಟ್‌ಗಳ (ಫಂಡಿನ ಪಾಲುಗಳ) ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ. ನೀವು ಕೇಳಿದ 10 ರೂಪಾಯಿ ಇದೇ. ಕೊಳ್ಳುವವರು ಹೆಚ್ಚಾದರು ಎಂದು ಅದು ಏರುವುದಿಲ್ಲ. ಒಂದೇ ಷೇರುಗಳನ್ನು ಒಂದೇ ಪ್ರಮಾಣದಲ್ಲಿ ಇಟ್ಟುಕೊಂಡ ಎರಡು ಫಂಡ್ ಇವೆ ಎನ್ನಿ. ಒಂದರ ಎನ್‌ಎವಿ 10, ಇನ್ನೊಂದರದು 500. ಎರಡರಲ್ಲೂ 10,000 ರೂಪಾಯಿ ಹಾಕಿದಿರಿ. ಅಲ್ಲಿ 1,000 ಯೂನಿಟ್, ಇಲ್ಲಿ 20. ಷೇರುಗಳು ಶೇ. 10 ಏರಿದವು. 10 ಇದ್ದದ್ದು 11 ಆಯಿತು, 500 ಇದ್ದದ್ದು 550. ಗುಣಿಸಿ ನೋಡಿ: ಎರಡೂ ಕಡೆ 11,000. ಚೀಲ ಸಣ್ಣದಾಯಿತೆಂದು ರಾಶಿ ಅಡಿಕೆಯ ಕ್ವಿಂಟಲ್ ದರ ಇಳಿಯುವುದಿಲ್ಲ.

10 ರೂಪಾಯಿಯದು ಅಗ್ಗವೆಂಬ ಈ ನಂಬಿಕೆ ಯುಟಿಐ (ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ) ಸಂಸ್ಥೆಯ ಹಳೆಯ ಯುಎಸ್-64 ಯೋಜನೆಯ ಕಾಲದಿಂದ ಉಳಿದುಬಂದಿರಬಹುದೆಂದು ನನ್ನ ಊಹೆ. 1964ರಲ್ಲಿ ಶುರುವಾದ ಆ ಯೋಜನೆಯ ಯೂನಿಟ್ ಮುಖಬೆಲೆ 10 ರೂಪಾಯಿ. ಕೊಳ್ಳುವ, ಮಾರುವ ದರವನ್ನು ಯುಟಿಐ ತಾನೇ ಘೋಷಿಸುತ್ತಿತ್ತು, ಒಳಗಿನ ಆಸ್ತಿಯ ಬೆಲೆಗೆ ಅದು ತಾಳೆಯಾಗಬೇಕೆಂದಿರಲಿಲ್ಲ. 2001ರ ಜುಲೈಯಲ್ಲಿ ವಹಿವಾಟನ್ನೇ ತಡೆಹಿಡಿದಾಗ ಎಷ್ಟೋ ಮನೆಗಳ ನಿವೃತ್ತಿಯ ದುಡ್ಡು ಸಿಕ್ಕಿಹಾಕಿಕೊಂಡಿತು. ಇವತ್ತಿನ ಎನ್‌ಎವಿ ಹಾಗಲ್ಲ, ಪ್ರತಿ ವಹಿವಾಟಿನ ದಿನವೂ ಲೆಕ್ಕ ಹಾಕಿ ಪ್ರಕಟಿಸುತ್ತಾರೆ.

ಅಗ್ಗವೋ ತುಟ್ಟಿಯೋ ತಿಳಿಯಲು ವೆಚ್ಚದ ಅನುಪಾತ ನೋಡಿ, ಅಂದರೆ ನಿಮ್ಮ ದುಡ್ಡಿನಲ್ಲಿ ಫಂಡ್ ವರ್ಷಕ್ಕೆ ಖರ್ಚಿಗೆಂದು ಕಳೆದುಕೊಳ್ಳುವ ಶೇಕಡಾ ಪಾಲು. ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದಲೇ ಇದೆ. ತಿಂಗಳಿಗೆ 10,000ದಂತೆ 25 ವರ್ಷ ಕಟ್ಟಿದಿರಿ ಎನ್ನಿ. ಶೇ. 12ರಂತೆ ಬೆಳೆದರೆ ಸುಮಾರು 1.88 ಕೋಟಿ, ಖರ್ಚಿನಲ್ಲಿ ಒಂದು ಪರ್ಸೆಂಟ್ ಹೋಗಿ ಶೇ. 11 ಉಳಿದರೆ ಸುಮಾರು 1.58 ಕೋಟಿ. ಇಷ್ಟೇ ಬೆಳೆಯುತ್ತದೆಂಬ ಭರವಸೆ ಯಾರೂ ಕೊಡಲಾರರು, ಆದರೆ ವ್ಯತ್ಯಾಸ ನೋಡಿ: 30 ಲಕ್ಷ. ನೀವು 25 ವರ್ಷ ಕಟ್ಟಿದ ಒಟ್ಟು ಅಸಲೂ ಅಷ್ಟೇ!

ನೀವು ಕೇಳಿಲ್ಲ, ಆದರೂ ತೋಟದವರಿಗೂ ಬೋಟಿನವರಿಗೂ ಒಂದು ಮಾತು ಹೇಳಬೇಕು. ಪ್ರತಿ ತಿಂಗಳೂ ನಿಗದಿತ ಮೊತ್ತ ಕಟ್ಟುವ ಎಸ್‌ಐಪಿ ಎಂಬುದು ಸಂಬಳದಾರರಿಗೆ ಹೊಂದುವ ಪದ್ಧತಿ. ಅಡಿಕೆ ದುಡ್ಡು ತಿಂಗಳಿಗೊಮ್ಮೆ ಬರುವುದಿಲ್ಲ. ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟುಗಳೆಲ್ಲ ದಡದಲ್ಲಿ. ಅಂಥವರು ದುಡ್ಡು ಬಂದಾಗ ಅಲ್ಪಾವಧಿ ಸಾಲಪತ್ರಗಳಲ್ಲಿ ಹೂಡುವ ಲಿಕ್ವಿಡ್ ಫಂಡಿಗೆ ಹಾಕಿ, ಅಲ್ಲಿಂದ ಎಸ್‌ಟಿಪಿ ಎಂಬ ಕಂತಿನ ವರ್ಗಾವಣೆ ಮೂಲಕ ತಿಂಗಳು ತಿಂಗಳೂ ಇಂಡೆಕ್ಸ್ ಫಂಡಿಗೆ ದಾಟಿಸಬಹುದು. ಎರಡೂ ಒಂದೇ ಕಂಪನಿಯ ಫಂಡ್ ಆಗಿರಬೇಕು. ಪ್ರತಿ ವರ್ಗಾವಣೆಯೂ ಮಾರಾಟವೆಂದೇ ಲೆಕ್ಕ, ಹಾಗಾಗಿ ಲಿಕ್ವಿಡ್ ಫಂಡಿನಲ್ಲಿ ಬಂದ ಲಾಭವನ್ನು ತೆರಿಗೆ ವಿವರದಲ್ಲಿ ತೋರಿಸಬೇಕಾಗುತ್ತದೆ.