ನಗಿಸುವವರು ಬೇಕೋ, ನಗುವವರು ಬೇಕೋ?

ಸಂಗಾತಿಯ ಹುಡುಕಾಟದಲ್ಲಿರುವವರು ಆಪ್ತಸಮಾಲೋಚನೆಗೆ ಬಂದಾಗ ಮೊದಲ ದಿನವೇ ಒಂದು ಹಾಳೆ ಕೊಟ್ಟು, ಎಂಥವರು ಬೇಕು ಬರೆಯಿರಿ ಅನ್ನುತ್ತೇನೆ. ಎತ್ತರ, ಓದು, ಕೆಲಸದ ವಿಚಾರದಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ‘ಹಾಸ್ಯಪ್ರಜ್ಞೆ ಇರಬೇಕು’ ಎಂಬ ಸಾಲು ಮಾತ್ರ ಹೆಚ್ಚುಕಡಿಮೆ ಎಲ್ಲರ ಹಾಳೆಯಲ್ಲೂ ಇರುತ್ತದೆ. ಆಗ ಕೇಳುತ್ತೇನೆ: ನಿಮ್ಮನ್ನು ನಗಿಸುವವರು ಬೇಕೋ, ನಿಮ್ಮ ಮಾತಿಗೆ ನಗುವವರು ಬೇಕೋ? ಪೆನ್ನು ಅಲ್ಲೇ ನಿಲ್ಲುತ್ತದೆ.

ಕಾಲೆಳೆಯಲು ಕೇಳುವ ಪ್ರಶ್ನೆಯಲ್ಲ ಇದು. ಬ್ರೆಸ್ಲರ್, ಮಾರ್ಟಿನ್ ಮತ್ತು ಬಾಲ್‌ಶೈನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಹೆಚ್ಚುಕಡಿಮೆ ಇದನ್ನೇ ಕೇಳಿದ್ದರು. ಹೆಣ್ಣುಮಕ್ಕಳಿಗೆ ಎರಡೂ ಬೇಕಿತ್ತು. ಗಂಡುಮಕ್ಕಳು ಹೆಚ್ಚು ಒತ್ತು ಕೊಟ್ಟಿದ್ದು ತಮ್ಮ ತಮಾಷೆಗೆ ನಗುವವರಿಗೆ. ಅಂದರೆ ಒಂದೇ ಪದ ಬರೆದ ಇಬ್ಬರು ಎದುರುಬದುರು ಕೂತು, ಬೇರೆಬೇರೆ ವಸ್ತುವಿಗಾಗಿ ಕಾಯುತ್ತಿರಬಹುದು. ಇದು ಸರಾಸರಿಯ ಮಾತು, ನಿಮ್ಮ ಎದುರು ಕೂತವರ ಜಾತಕವಲ್ಲ. ಗಂಡನನ್ನು ಹೊಟ್ಟೆ ಹಿಡಿದು ನಗಿಸುವ ಹೆಂಡತಿಯರನ್ನು ನಾನೇ ಬೇಕಾದಷ್ಟು ನೋಡಿದ್ದೇನೆ.

ಇಪ್ಪತ್ತೇಳರ ಯುವಕನೊಬ್ಬ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಮೊದಲ ಡೇಟಿಗೆ ಮೊಬೈಲಿನಲ್ಲಿ ಹನ್ನೊಂದು ಜೋಕು ಬರೆದುಕೊಂಡು ಹೋಗಿದ್ದ. ಯಾವುದನ್ನು ಯಾವಾಗ ಹೇಳಬೇಕು ಅಂತ ಟಿಪ್ಪಣಿ ಬೇರೆ. ನಾಲ್ಕು ಮುಗಿಯುವಷ್ಟರಲ್ಲಿ ಆಕೆ ನಕ್ಕಿದ್ದು ಎರಡು ಸಲ, ಅದೂ ಮರ್ಯಾದೆಗೆ. ಐದನೆಯದರ ಕೊನೆ ಮರೆತುಹೋಯಿತು. ಗಿಳಿ ಡಾಕ್ಟರ ಹತ್ತಿರ ಹೋಗಿದೆ, ಡಾಕ್ಟರು ಏನೋ ಕೇಳಿದ್ದಾರೆ, ಗಿಳಿ ಏನು ಹೇಳಿತು ಅನ್ನುವುದೇ ನೆನಪಿಲ್ಲ. ‘ಪಾಪ, ಗಿಳಿ ಇನ್ನೂ ಟೋಕನ್ ಹಿಡಿದು ಕೂತಿದೆ ಬಿಡಿ’ ಅಂದಳಂತೆ ಆಕೆ. ‘ನಂಬರ್ ಎಷ್ಟಂತೆ?’ ಅಂದನಂತೆ ಇವನು. ಮುಂದಿನ ಅರ್ಧ ಗಂಟೆ ಇಬ್ಬರೂ ಸೇರಿ ಆ ಗಿಳಿಗೆ ಕಾಯಿಲೆ ಹುಡುಕಿದ್ದಾರೆ. ಇಷ್ಟೆಲ್ಲ ಹೇಳಿ ಪೆಚ್ಚುಮೋರೆ ಹಾಕಿಕೊಂಡು ಕೇಳಿದ: ‘ಉಳಿದ ಆರು ಜೋಕು ಹೇಳೋಕೆ ಆಗಲೇ ಇಲ್ಲ. ಕೆಲಸ ಕೆಟ್ಟಿತಾ?’

ಕೆಟ್ಟಿರಲಿಲ್ಲ. ಕೂಡಿಬಂದಿದ್ದೇ ಅಲ್ಲಿಂದ. ನಗುವನ್ನೇ ಬಹುಕಾಲ ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್, ಜನ ಸಹಜವಾಗಿ ನಗುವ 1,200 ಸಂದರ್ಭಗಳನ್ನು ಕದ್ದು ಕೇಳಿ ದಾಖಲಿಸಿಕೊಂಡರು. ಅದರಲ್ಲಿ ಜೋಕಿನಂಥ ಮಾತಿಗೆ ಹುಟ್ಟಿದ ನಗು ಶೇ. 20ರಷ್ಟೂ ಇರಲಿಲ್ಲ. ಉಳಿದದ್ದೆಲ್ಲ ‘ಸರಿ, ಬರ್ತೀನಿ’ ಎಂಬಂಥ ಸಪ್ಪೆ ಮಾತಿಗೆ. ಒಬ್ಬರೇ ಇದ್ದಾಗಿಗಿಂತ ಜೊತೆಯಲ್ಲಿದ್ದಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಅಂತಲೂ ಅವರು ಕಂಡುಕೊಂಡರು. ಜೋಕಿನ ಗುಣಮಟ್ಟಕ್ಕಿಂತ ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದೇ ಇಲ್ಲಿ ದೊಡ್ಡದು.

ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2015ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದಕ್ಕೆ ಹತ್ತಿರದ್ದು. ಅಪರಿಚಿತ ಗಂಡು ಹೆಣ್ಣುಗಳನ್ನು ಜೋಡಿಜೋಡಿಯಾಗಿ ಹತ್ತು ನಿಮಿಷ ಮಾತಿಗೆ ಕೂರಿಸಿದರು. ಅವನು ತಮಾಷೆ ಮಾಡಿ ಅವಳು ನಕ್ಕಷ್ಟೂ ಆಸಕ್ತಿ ಹೆಚ್ಚಿತ್ತು. ಅದಕ್ಕಿಂತಲೂ ಒಳ್ಳೆಯ ಸೂಚನೆ ಇಬ್ಬರೂ ಒಟ್ಟಿಗೆ ನಗುವುದು. ಹಾಸ್ಯವೆಂದರೆ ಬುದ್ಧಿವಂತಿಕೆಯ ಜಾಹೀರಾತು, ಅದಕ್ಕೇ ಮನಸೋಲುತ್ತೇವೆ ಎಂಬ ವಾದ ಬಹಳ ಕಾಲದಿಂದ ಇದೆ. ಹಾಲ್ ಅವರಿಗೆ ಅದಕ್ಕೆ ಪುರಾವೆ ಸಿಗಲಿಲ್ಲ. ನನಗೂ ಆ ವಾದ ಯಾವತ್ತೂ ರುಚಿಸಿಲ್ಲ. ಜೋಕು ಮುಗಿಯುವ ಮೊದಲೇ ತಾನೇ ನಕ್ಕು ಎಲ್ಲ ಹಾಳುಮಾಡುವ ಜಾತಿ ನನ್ನದು, ಹೀಗಾಗಿ ಪೂರ್ವಗ್ರಹ ಇದ್ದರೂ ಇರಬಹುದು.

ಮರ್ಯಾದೆಯ ನಗು ಗೊತ್ತಾಗುವುದು ಹೇಗೆ ಅಂತ ಕೇಳುತ್ತಾರೆ. ಕಣ್ಣು ನೋಡಿ. ಮನಸಾರೆ ನಕ್ಕಾಗ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯುತ್ತದೆ, ಅದನ್ನು ಬೇಕೆಂದಾಗ ಕುಣಿಸುವುದು ಸುಲಭವಲ್ಲ ಎಂದು ಫ್ರಾನ್ಸಿನ ವೈದ್ಯ ಡ್ಯೂಶೆನ್ 1862ರಲ್ಲೇ ಬರೆದಿದ್ದ. ಕಿವಿಯೂ ಸುಳಿವು ಕೊಡುತ್ತದೆ. ಇಬ್ಬರು ಒಟ್ಟಿಗೆ ನಗುವ ಸುಮಾರು ಒಂದು ಸೆಕೆಂಡಿನ ಧ್ವನಿಯನ್ನು 24 ಸಮಾಜಗಳ ಜನರಿಗೆ ಕೇಳಿಸಿದಾಗ, ನಕ್ಕವರು ಸ್ನೇಹಿತರೋ ಅಪರಿಚಿತರೋ ಎಂದು ಬರೀ ಊಹೆಗಿಂತ ಚೆನ್ನಾಗಿಯೇ ಗುರುತಿಸಿದರು. ಅದಕ್ಕೇ ವಾರಗಟ್ಟಲೆ ‘ಹಹಹ’ ಅಂತ ಟೈಪಿಸುತ್ತಿರುವವರಿಗೆ ಒಂದು ಫೋನ್ ಮಾಡಿ ಅನ್ನುತ್ತೇನೆ. ಬೆರಳು ನಗುವುದಕ್ಕೂ ಗಂಟಲು ನಗುವುದಕ್ಕೂ ವ್ಯತ್ಯಾಸ ಇದೆ.

ತನ್ನನ್ನೇ ಹಾಸ್ಯ ಮಾಡಿಕೊಳ್ಳುವುದು ಚೆಂದ, ಅಳತೆಯಲ್ಲಿದ್ದರೆ. ಹಾಸ್ಯದ ನಾಲ್ಕು ಶೈಲಿಗಳನ್ನು 2003ರಲ್ಲಿ ವಿಂಗಡಿಸಿದ ರಾಡ್ ಮಾರ್ಟಿನ್ ಮತ್ತು ಸಂಗಡಿಗರು, ತನ್ನನ್ನೇ ತುಳಿದು ಇತರರನ್ನು ನಗಿಸುವುದನ್ನು ಅಪಾಯದ ಪಟ್ಟಿಗೇ ಸೇರಿಸಿದ್ದಾರೆ. ‘ನನ್ನಂಥ ದಡ್ಡಿಯನ್ನು ಯಾರು ಇಷ್ಟಪಡ್ತಾರೆ’ ಎಂದು ಮೂರನೇ ಸಲ ಅಂದಾಗ ಎದುರಿನವರಿಗೆ ನಗು ಬರುವುದಿಲ್ಲ. ಸಮಾಧಾನ ಹೇಳುವ ಕೆಲಸ ಬೀಳುತ್ತದೆ.

ಇನ್ನೊಬ್ಬರನ್ನು ತುಳಿಯುವುದು ಇದಕ್ಕಿಂತ ಕೆಟ್ಟದ್ದು, ಅದು ಬೆಳೆಯುವುದು ಸಲಿಗೆ ಬಂದ ಮೇಲೆ. ಮದುವೆಯಾಗಿ ಒಂಬತ್ತು ವರ್ಷವಾದ ದಂಪತಿ ಬಂದಿದ್ದರು. ಪ್ರವಾಸದ ನಡುವೆ ಹೆಂಡತಿ ಮನೆಯ ಕೀ ಕಳೆದುಹಾಕಿದ ಕಥೆಯನ್ನು ಗಂಡ ಅಭಿನಯದ ಸಮೇತ ಹೇಳಿದರು. ಆಕೆ ಗಾಬರಿಯಾಗಿ ಚೀಲ ಸುರಿದದ್ದು, ಅತ್ತದ್ದು ಎಲ್ಲ. ಚೆನ್ನಾಗಿಯೇ ಹೇಳಿದರು, ನನಗೂ ನಗು ಬಂದಿತ್ತು. ಆಗ ಒಂದು ಗಮನಿಸಿದೆ. ಪ್ರತಿ ಸಲ ನಗಿಸಿದಾಗಲೂ ಅವರು ನೋಡುತ್ತಿದ್ದದ್ದು ನನ್ನ ಮುಖ, ಹೆಂಡತಿಯ ಮುಖವನ್ನಲ್ಲ. ಆಕೆಯೂ ನಗುತ್ತಿದ್ದರು, ತುಟಿಯಲ್ಲಿ. ಬೆರಳು ಮಾತ್ರ ಬ್ಯಾಗಿನ ಪಟ್ಟಿಯನ್ನು ಸುತ್ತುತ್ತಲೇ ಇತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ದಂಪತಿಗಳ ಜಗಳವನ್ನು ದಶಕಗಳ ಕಾಲ ಚಿತ್ರೀಕರಿಸಿ ನೋಡಿದ ಜಾನ್ ಗಾಟ್‌ಮನ್, ಸಂಬಂಧ ಮುರಿಯುವ ಸೂಚನೆಗಳಲ್ಲಿ ತಿರಸ್ಕಾರವನ್ನು ಎಲ್ಲಕ್ಕಿಂತ ಮೇಲಿಡುತ್ತಾರೆ. ಅಣಕ, ಮೂದಲಿಕೆ, ಚುಚ್ಚುವ ಜೋಕು ಅವರ ಲೆಕ್ಕದಲ್ಲಿ ತಿರಸ್ಕಾರವೇ. ಅದೇ ಗಾಟ್‌ಮನ್, ಜಗಳದ ನಡುವೆ ಹಾರಿಬರುವ ತಿಳಿಹಾಸ್ಯವನ್ನು ರಾಜಿಯ ಯತ್ನ ಎಂದೂ ಎಣಿಸುತ್ತಾರೆ. ‘ತಮಾಷೆಗೆ ಹೇಳಿದ್ದಪ್ಪಾ’ ಎಂಬ ಸಮಜಾಯಿಷಿ ಎರಡಕ್ಕೂ ಒಂದೇ ಆದ್ದರಿಂದ ಹೇಳಿದವರನ್ನು ಕೇಳಿ ಪ್ರಯೋಜನವಿಲ್ಲ. ಕೇಳಿಸಿಕೊಂಡವರನ್ನು ನೋಡಬೇಕು.

ಮುಂದಿನ ಭೇಟಿಗೆ ಅವರಿಗೆ ಒಂದೇ ಕೆಲಸ ಕೊಟ್ಟಿದ್ದೆ: ಕೀ ಕಥೆಯನ್ನು ಈ ಸಲ ಹೆಂಡತಿ ಹೇಳಬೇಕು, ಗಂಡ ನಡುವೆ ಬಾಯಿಹಾಕಬಾರದು. ಆಕೆ ಮೆಲ್ಲಗೆ ಶುರುಮಾಡಿದರು. ಚೀಲ ಸುರಿದದ್ದೂ ಬಂತು, ಅತ್ತದ್ದೂ ಬಂತು, ಬಸ್ಸು ತಪ್ಪಿದ್ದೂ ಬಂತು. ಕೊನೆಗೆ ಕೀ ಸಿಕ್ಕಿದ್ದು ಗಂಡನ ಅಂಗಿಯ ಜೇಬಿನಲ್ಲಿ. ಅಷ್ಟು ವರ್ಷ ಆ ಭಾಗವನ್ನು ಅವರು ಯಾರಿಗೂ ಹೇಳಿರಲೇ ಇಲ್ಲ. ಈ ಸಲ ಕೆಮ್ಮು ಬರುವಷ್ಟು ನಕ್ಕಿದ್ದು ಅವರೇ, ಅದೂ ಹೆಂಡತಿಯ ಮುಖ ನೋಡಿಕೊಂಡು.