ವಾರ್ಡಿನಲ್ಲಿ ಸಿಗದ ಪಾಠ: ಮಕ್ಕಳ ಮನೋವೈದ್ಯರ ತರಬೇತಿಯಲ್ಲಿ ತರಗತಿ

ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಶಾಸ್ತ್ರದಲ್ಲಿ ತರಬೇತಿ ಪಡೆಯುವ ರೆಸಿಡೆಂಟ್ ವೈದ್ಯರು ದಿನದ ಬಹುಪಾಲನ್ನು ಹೊರರೋಗಿ ವಿಭಾಗದಲ್ಲಿಯೂ ವಾರ್ಡಿನಲ್ಲಿಯೂ ಕಳೆಯುತ್ತಾರೆ. ರೋಗಿಗಳ ಎದುರಿನಲ್ಲೇ ಕಲಿಯುವುದು ಇಷ್ಟಿರುವಾಗ ತರಗತಿ ಏಕೆ ಎಂದು ಕೇಳುವವರಿದ್ದಾರೆ. ಆದರೆ ಆಸ್ಪತ್ರೆಗೆ ಬರುವುದು ಬಹುಮಟ್ಟಿಗೆ ತೊಂದರೆಯಲ್ಲಿರುವ ಮಕ್ಕಳೇ. ಎರಡು ವರ್ಷದ ಮಗು ನೆಲದಲ್ಲಿ ಹೊರಳಾಡಿ ಹಟ ಮಾಡುವುದು, ನಾಲ್ಕು ವರ್ಷದ ಮಗು ಕಾಣದ ಗೆಳೆಯನೊಂದಿಗೆ ಮಾತನಾಡುವುದು, ಹದಿನಾಲ್ಕರ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು ಕೂರುವುದು ಎಲ್ಲಿಯವರೆಗೆ ಸಹಜ ಎಂಬ ಅಂದಾಜು ರೋಗಿಗಳನ್ನಷ್ಟೇ ನೋಡಿದವರಿಗೆ ದಕ್ಕುವುದಿಲ್ಲ. ಆದ್ದರಿಂದ ಪಠ್ಯಕ್ರಮವು ಆರೋಗ್ಯವಂತ ಮಗುವಿನ ಬೆಳವಣಿಗೆಯಿಂದಲೇ ಆರಂಭವಾಗಬೇಕು. ಆಟವಾಡುತ್ತಿರುವ ಮಗುವಿನ ಹತ್ತು ನಿಮಿಷದ ವಿಡಿಯೊ ತೋರಿಸಿ, ಯಾವ ಕಾಯಿಲೆಯ ಹೆಸರನ್ನೂ ಎತ್ತದೆ ಕಂಡದ್ದನ್ನಷ್ಟೇ ಬರೆಯಿರಿ ಎಂದರೆ, ಅದು ಎಷ್ಟು ಕಷ್ಟವೆಂಬುದು ರೆಸಿಡೆಂಟ್‌ಗಳಿಗೇ ಗೊತ್ತಾಗುತ್ತದೆ.

ರೋಗಲಕ್ಷಣಗಳ ಪಟ್ಟಿಯನ್ನು ಸ್ಲೈಡಿನಿಂದ ಓದಿ ಹೇಳುವುದಕ್ಕೆ ತರಗತಿಯ ಸಮಯವನ್ನು ಕೊಡಬಾರದು. ಅದನ್ನು ಅವರೇ ಓದಿಕೊಂಡು ಬರಬಲ್ಲರು. 2013ರಲ್ಲಿ ಬಂದ ಡಿಎಸ್‌ಎಂ-5 (ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ), ಎಡಿಎಚ್‌ಡಿಯ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಲಕ್ಷಣಗಳು ಕಾಣಿಸಿಕೊಂಡಿರಬೇಕಾದ ವಯೋಮಿತಿಯನ್ನು 7ರಿಂದ 12ಕ್ಕೆ ಏರಿಸಿತು. ಚರ್ಚೆಗೆ ತಕ್ಕದ್ದು ಈ ಬದಲಾವಣೆಯ ಹಿಂದಿನ ಕಾರಣ.

ನನ್ನ ದೃಷ್ಟಿಯಲ್ಲಿ ತರಗತಿಯ ಬೆಲೆ ಚೆನ್ನಾಗಿ ಕಾಣುವುದು ಔಷಧಗಳ ಪಾಠದಲ್ಲಿ. ಖಿನ್ನತೆ ನಿವಾರಕ ಔಷಧಗಳನ್ನು ಸೇವಿಸುವ ಮಕ್ಕಳಲ್ಲಿಯೂ ಹದಿಹರೆಯದವರಲ್ಲಿಯೂ ಆತ್ಮಹತ್ಯೆಯ ಆಲೋಚನೆ ಮತ್ತು ವರ್ತನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2004ರಲ್ಲಿ ಎಚ್ಚರಿಕೆ ನೀಡಿತು. ಅದಕ್ಕೆ ಆಧಾರವಾದ 24 ಅಲ್ಪಾವಧಿ ಪ್ರಯೋಗಗಳಲ್ಲಿ 4,400ಕ್ಕೂ ಹೆಚ್ಚು ಮಕ್ಕಳಿದ್ದರು. ಇಂಥ ಆಲೋಚನೆ ಅಥವಾ ವರ್ತನೆ ಕಂಡುಬಂದದ್ದು ಔಷಧ ಪಡೆದವರಲ್ಲಿ ಸುಮಾರು ಶೇ. 4, ಪ್ಲಸೀಬೊ (ಔಷಧವಿಲ್ಲದ ತೋರಿಕೆಯ ಮಾತ್ರೆ) ಪಡೆದವರಲ್ಲಿ ಶೇ. 2, ಆತ್ಮಹತ್ಯೆಯಿಂದ ಸಾವು ಒಂದೂ ಆಗಿರಲಿಲ್ಲ. ಅಪಾಯ ಎರಡು ಪಟ್ಟು ಎನ್ನುವುದೂ ನೂರರಲ್ಲಿ ಇಬ್ಬರು ಹೆಚ್ಚು ಎನ್ನುವುದೂ ಇದೇ ಅಂಕಿಗಳಿಂದ ಬರುತ್ತವೆ. ಎರಡನ್ನೂ ಬೋರ್ಡಿನ ಮೇಲೆ ಬರೆದ ನಂತರ ಒಬ್ಬರು ತಾಯಿಯಾಗಿ, ಒಬ್ಬರು ಹದಿನೈದರ ಹುಡುಗನಾಗಿ, ಮತ್ತೊಬ್ಬರು ವೈದ್ಯರಾಗಿ ಕುಳಿತು ಈ ವಿಷಯವನ್ನು ಮಾತನಾಡಬೇಕು. "ಹಾಗಿದ್ದರೆ ಈ ಮಾತ್ರೆ ಯಾಕೆ ಕೊಡ್ತೀರಿ, ಡಾಕ್ಟ್ರೇ?" ಎಂದು ತಾಯಿ ಕೇಳಿದಾಗ, ಚಿಕಿತ್ಸೆ ಪಡೆಯದ ಖಿನ್ನತೆಯ ಅಪಾಯವನ್ನೂ, ಮೊದಲ ಕೆಲವು ವಾರಗಳಲ್ಲಿ ಮನೆಯವರು ಏನನ್ನು ಗಮನಿಸಬೇಕೆಂಬುದನ್ನೂ ಹುಡುಗನ ಮುಖ ನೋಡುತ್ತಲೇ ಹೇಳಬೇಕಾಗುತ್ತದೆ. ತಡವರಿಸಿದರೆ ಅಲ್ಲಿಯೇ ನಿಲ್ಲಿಸಿ ಇನ್ನೊಮ್ಮೆ ಹೇಳಿ ನೋಡುವ ಅವಕಾಶ ನಿಜವಾದ ಕುಟುಂಬದ ಎದುರು ಇರುವುದಿಲ್ಲ.

ಇಂಥ ತರಗತಿಗೆ ಸಿದ್ಧತೆ ಬೇಕು, ಅಡ್ಡಿಯಿಲ್ಲದ ಸಮಯವೂ ಬೇಕು. ವಾರ್ಡಿನಿಂದ ಕರೆ ಬಂದಾಗಲೆಲ್ಲ ಎದ್ದು ಹೋಗಬೇಕಾದ ರೆಸಿಡೆಂಟ್ ಮಾತಿನ ಎಳೆಯನ್ನು ಕಳೆದುಕೊಳ್ಳುತ್ತಾರೆ, ಉಳಿದವರ ಅಭ್ಯಾಸವೂ ಕೆಡುತ್ತದೆ. ಅಷ್ಟು ಹೊತ್ತು ಕರ್ತವ್ಯದ ಫೋನನ್ನು ಹಿರಿಯ ವೈದ್ಯರೊಬ್ಬರು ಹಿಡಿಯುವಂತೆ ವೇಳಾಪಟ್ಟಿಯಲ್ಲೇ ಬರೆದಿಡುವುದು ವಿಭಾಗದ ಮುಖ್ಯಸ್ಥರ ಹೊಣೆ.