ಹರಾಜಿನಲ್ಲಿ ಮಾಡೆಲ್ ರೈಲು ನಿಜಕ್ಕೂ ಅಗ್ಗಕ್ಕೆ ಸಿಗುತ್ತಾ?

ಓದುಗರ ಪ್ರಶ್ನೆ: ಹೊಸ ಮಾಡೆಲ್ ರೈಲುಗಳ ಬೆಲೆ ಕೈಗೆಟುಕುವುದಿಲ್ಲ. ಆನ್‌ಲೈನ್ ಹರಾಜಿನಲ್ಲಿ ಹಳೆಯವು ಕಡಿಮೆಗೆ ಸಿಗುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಾನು ಬಿಡ್ ಹಾಕಿದ ಎಂಜಿನ್‌ಗಳೆಲ್ಲ ಕೊನೇ ಗಳಿಗೆಯಲ್ಲಿ ಬೇರೆಯವರ ಪಾಲಾಗುತ್ತವೆ. ಗೆದ್ದ ಒಂದೆರಡಕ್ಕೆ ಅಂಗಡಿಯ ಬೆಲೆಯನ್ನೇ ಕೊಟ್ಟ ಹಾಗಾಯಿತು. ನಿಜಕ್ಕೂ ಅಗ್ಗಕ್ಕೆ ಸಿಗುತ್ತಾ, ಇಲ್ಲ ಇದೆಲ್ಲ ಸುಮ್ನೆ ಮಾತಾ?

ಸಿಗುತ್ತದೆ. ಆದರೆ ಎಲ್ಲರೂ ನೋಡುವ ಕಡೆ ಸಿಗುವುದು ಕಡಿಮೆ. ಸ್ಪಷ್ಟವಾದ ಫೋಟೊ, ಸರಿಯಾದ ಮಾಡೆಲ್ ನಂಬರ್, ಮೂಲ ಡಬ್ಬ, ‘ಚೆನ್ನಾಗಿ ಓಡುತ್ತದೆ’ ಎಂಬ ಮಾತು, ಇಷ್ಟೂ ಇರುವ ಎಂಜಿನ್ ಅದರ ನಿಜವಾದ ಬೆಲೆಗೇ ಹೋಗುತ್ತದೆ. ಯಾಕೆಂದರೆ ಅದರ ಬೆಲೆ ಗೊತ್ತಿರುವ ಇಪ್ಪತ್ತು ಜನ ಅದನ್ನು ಕಾಯುತ್ತಿರುತ್ತಾರೆ.

ಈ ಹರಾಜುಗಳಿಗೆ ಬರುವವರಲ್ಲಿ ಎರಡು ಬಗೆ. ಒಬ್ಬರು ಸಂಗ್ರಹಕಾರರು. ಇವರಿಗೆ ಡಬ್ಬ ಬೇಕು, ಒಳಗಿನ ಕಾಗದ ಬೇಕು, ಬಣ್ಣ ಮೂಲದ್ದೇ ಆಗಿರಬೇಕು. ಇನ್ನೊಬ್ಬರು ಓಡಿಸುವವರು. ಇವರಿಗೆ ಹಳಿಯ ಮೇಲೆ ಸಲೀಸಾಗಿ ಸುತ್ತಿದರೆ ಸಾಕು. ನೀವು ಎರಡನೇ ಗುಂಪಿನವರು ಅಂತ ನಿಮ್ಮ ಪ್ರಶ್ನೆಯಿಂದಲೇ ಗೊತ್ತಾಗುತ್ತದೆ. ಹಾಗಿದ್ದರೆ ಸಂಗ್ರಹಕಾರರು ಮೂಗು ಮುರಿದು ಬಿಟ್ಟದ್ದನ್ನು ಹಿಡಿಯಿರಿ. ಡಬ್ಬ ಇಲ್ಲದ್ದು, ಯಾರೋ ಬಣ್ಣ ಬಳಿದದ್ದು, ಒಂದು ಬಫರ್ (ತುದಿಯಲ್ಲಿ ಧಕ್ಕೆ ತಡೆಯುವ ಗುಂಡಿ) ಮುರಿದದ್ದು. ಇದಕ್ಕೆ ಒಂದೇ ಷರತ್ತು: ಯಾವ ದೋಷ ಚಿಲ್ಲರೆಯದು, ಯಾವುದು ಎಂಜಿನ್ನಿನ ಪ್ರಾಣ ತೆಗೆಯುವಂಥದ್ದು ಅನ್ನುವುದು ಫೋಟೊ ನೋಡಿದಾಗಲೇ ಗೊತ್ತಾಗಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಕೊನೇ ಗಳಿಗೆಯ ಆಟ

ಇಬೇಯಂಥ ಕಡೆ ನೀವು ಹಾಕುವುದು ನಿಮ್ಮ ಗರಿಷ್ಠ ಮೊತ್ತ. ಅಷ್ಟನ್ನೂ ಕೊಡಬೇಕು ಅಂತಲ್ಲ. ನೀವು 3,000 ಎಂದು ಹಾಕಿದ್ದೀರಿ, ಇನ್ನೊಬ್ಬರ ಗರಿಷ್ಠ 1,800 ಎಂದುಕೊಳ್ಳಿ. ಒಂದು ಹೆಜ್ಜೆ 50 ಇದ್ದರೆ ನೀವು 1,850ಕ್ಕೆ ಗೆಲ್ಲುತ್ತೀರಿ. ನಿಮ್ಮ ಪರವಾಗಿ ಯಂತ್ರವೇ ಒಂದೊಂದೇ ಹೆಜ್ಜೆ ಏರಿಸುತ್ತದೆ. ಎರಡನೆಯವರ ಬೆಲೆ ಕೊಟ್ಟು ಗೆಲ್ಲುವ ಇಂಥ ಹರಾಜನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲೇ ವಿವರಿಸಿದ್ದರು. ಮುಚ್ಚಿದ ಲಕೋಟೆಯಲ್ಲಿ ಎಲ್ಲರೂ ಒಂದೇ ಸಲ ಬೆಲೆ ಬರೆದುಕೊಟ್ಟರೆ, ವಸ್ತು ನಿಮಗೆ ಎಷ್ಟು ಬಾಳುತ್ತದೋ ಅಷ್ಟನ್ನೇ ಬರೆಯುವುದು ಜಾಣತನ ಎಂದು ಅವರು ತೋರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಬಂತು.

ಹಾಗಾದರೆ ಯಾವಾಗ ಹಾಕಿದರೂ ಒಂದೇ ಅಲ್ವಾ? ಕಾಗದದ ಮೇಲೆ ಹೌದು. ಆದರೆ ಜನ ಹಾಗೆ ಬಿಡ್ ಮಾಡುವುದಿಲ್ಲ. ಮೊದಲು ಸ್ವಲ್ಪ ಹಾಕುತ್ತಾರೆ. ಯಾರೋ ಮೀರಿಸಿದರೆ ರೊಚ್ಚಿಗೇಳುತ್ತಾರೆ, ಮತ್ತೆ ಹಾಕುತ್ತಾರೆ. ನೀವು ಮೂರು ದಿನ ಮೊದಲೇ ಬಿಡ್ ಹಾಕಿದರೆ ಅವರಿಗೆ ರೊಚ್ಚಿಗೇಳಲು ಮೂರು ದಿನ ಬಿಡುವು ಕೊಟ್ಟ ಹಾಗೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ ಇದನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಇಬೇಯಲ್ಲಿ ಹರಾಜು ಹೇಳಿದ ಹೊತ್ತಿಗೆ ಮುಗಿಯುತ್ತದೆ. ಅಮೆಜಾನ್ ಆಗ ನಡೆಸುತ್ತಿದ್ದ ಹರಾಜಿನಲ್ಲಿ ಕೊನೆಯ 10 ನಿಮಿಷದಲ್ಲಿ ಬಿಡ್ ಬಂದರೆ ಗಡುವು ಮುಂದಕ್ಕೆ ಹೋಗುತ್ತಿತ್ತು. ಕೊನೇ ಗಳಿಗೆಯ ಬಿಡ್‌ಗಳು ಇಬೇಯಲ್ಲೇ ತುಂಬ ಜಾಸ್ತಿ ಕಂಡವು. ಅದರಲ್ಲೂ ಅಲ್ಲಿ ಪಳಗಿದವರು ಇನ್ನೂ ತಡವಾಗಿ ಹಾಕುತ್ತಿದ್ದರು.

ಅಂದರೆ ನಿಮ್ಮ ಕೈಯಿಂದ ಎಂಜಿನ್ ಕಸಿದುಕೊಂಡವರು ಮೋಸವನ್ನೇನೂ ಮಾಡಿಲ್ಲ. ನೀವೂ ಅದನ್ನೇ ಮಾಡಿ. ಇಷ್ಟೇ ಕೊಡುವುದು ಅಂತ ಮೊದಲೇ ತೀರ್ಮಾನಿಸಿ. ಗಡುವಿಗೆ ಕೆಲವೇ ಸೆಕೆಂಡ್ ಇರುವಾಗ ಒಂದೇ ಸಲ ಹಾಕಿ, ಕೈ ತೊಳೆದುಕೊಳ್ಳಿ. 3,000 ಬದಲು 3,017 ಅಂತ ಹಾಕುವುದು ಒಳ್ಳೆಯದು. ದುಂಡು ಸಂಖ್ಯೆಯಲ್ಲಿ ನಿಲ್ಲಿಸುವವರು ಬಹಳ ಮಂದಿ. ಗಡುವು ತಾನಾಗಿ ಮುಂದಕ್ಕೆ ಹೋಗುವ ಕಡೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅದಕ್ಕೇ ನಿಯಮ ಓದಿಕೊಳ್ಳಿ.

ಮೊತ್ತ ನಿರ್ಧರಿಸುವಾಗ ಮಾರಾಟಗಾರರು ಕೇಳುತ್ತಿರುವ ಬೆಲೆ ನೋಡಲೇಬೇಡಿ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ಮಾರಾಟವಾದವುಗಳ ಪಟ್ಟಿ ತೆರೆದು ಅದೇ ಮಾಡೆಲ್ ಎಷ್ಟೆಷ್ಟಕ್ಕೆ ಹೋಗಿದೆ ನೋಡಿ. ಎಲ್ಲಕ್ಕಿಂತ ಹೆಚ್ಚಿನದನ್ನು ಲೆಕ್ಕದಿಂದ ಬಿಟ್ಟುಬಿಡಿ. ಅದು ಇಬ್ಬರು ಹಟಕ್ಕೆ ಬಿದ್ದ ದಿನದ ಬೆಲೆಯಾಗಿರಬಹುದು. ಆಮೇಲೆ ಸಾಗಣೆ ಖರ್ಚು, ಹೊರದೇಶದಿಂದ ಬರುವುದಾದರೆ ಸುಂಕ, ಇವೆರಡನ್ನೂ ಕಳೆಯಿರಿ. ಉಳಿದದ್ದು ನಿಮ್ಮ ಬಿಡ್.

ಎಲ್ಲಿ ಹುಡುಕಬೇಕು

ಹೆಸರು ತಪ್ಪಾಗಿ ಬರೆದ ವಸ್ತುಗಳನ್ನು ಹುಡುಕುವುದು ಹಳೆಯ ಉಪಾಯ. ಜರ್ಮನಿಯ ಮಾಡೆಲ್ ರೈಲು ಕಂಪನಿ ಮಾರ್ಕ್ಲಿನ್ ಹೆಸರಿನ ‘ಎ’ ಮೇಲೆ ಎರಡು ಚುಕ್ಕೆ ಇವೆ. ಚುಕ್ಕೆ ಬಿಟ್ಟು ಬರೆಯುವವರಿದ್ದಾರೆ, ‘ಎಇ’ ಎಂದು ಬರೆಯುವವರೂ ಇದ್ದಾರೆ. ಅಲ್ಲಿಯದೇ ಇನ್ನೊಂದು ಕಂಪನಿ ಫ್ಲೈಶ್‌ಮನ್ ಹೆಸರಿನಲ್ಲಿ ‘ಸಿ’ ಬಿಟ್ಟುಹೋಗುತ್ತದೆ. ಈಗ ಹುಡುಕು ಪೆಟ್ಟಿಗೆಗಳೇ ಇಂಥ ತಪ್ಪುಗಳನ್ನು ತಿದ್ದಿ ತೋರಿಸುವುದರಿಂದ ಇದರಲ್ಲಿ ಮೊದಲಿನಷ್ಟು ಹುರುಳಿಲ್ಲ. ಎಚ್‌ಓ ಎಂಬ ಅಳತೆಯ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು) ವಿಷಯ ಮಾತ್ರ ಇನ್ನೂ ಉಪಯೋಗಕ್ಕೆ ಬರುತ್ತದೆ. ಇಂಗ್ಲಿಷಿನವರು ಅದನ್ನು ‘ಓ’ ಅಕ್ಷರ ಹಾಕಿ ಬರೆಯುತ್ತಾರೆ, ಜರ್ಮನರು ಸೊನ್ನೆ ಹಾಕಿ ಬರೆಯುತ್ತಾರೆ. ಎರಡನ್ನೂ ಹುಡುಕಿ.

ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಜಾಗ ಎಂದರೆ ಹೆಸರೇ ಇಲ್ಲದ ವಸ್ತುಗಳು. ಮನೆ ಖಾಲಿ ಮಾಡುವವರಿಗೆ, ಅಟ್ಟದಿಂದ ಪೆಟ್ಟಿಗೆ ಇಳಿಸಿದವರಿಗೆ ಕಂಪನಿ, ಸ್ಕೇಲ್ ಯಾವುದೂ ಗೊತ್ತಿರುವುದಿಲ್ಲ. ‘ಹಳೇ ಎಲೆಕ್ಟ್ರಿಕ್ ರೈಲು’, ‘ತಾತನ ರೈಲು ಸೆಟ್’ ಅಂತ ಬರೆದು ಆಟಿಕೆಗಳ ವಿಭಾಗದಲ್ಲಿ ಹಾಕಿರುತ್ತಾರೆ. ಕಂಪನಿ ಹೆಸರು ಹಾಕಿ ಹುಡುಕುವ ಸಂಗ್ರಹಕಾರರ ಕಣ್ಣಿಗೆ ಅದು ಬೀಳುವುದಿಲ್ಲ. ನೀವು ಫೋಟೊ ನೋಡಿ ಗುರುತಿಸಬೇಕು. ಉದಾಹರಣೆಗೆ, ಹಳಿಯ ಕೆಳಗೆ ಜಲ್ಲಿಯಂತೆ ಬಣ್ಣ ಬಳಿದ ತಗಡಿನ ತಳ, ನಡುವೆ ಸಾಲಾಗಿ ಪುಟ್ಟ ಲೋಹದ ಚುಕ್ಕೆಗಳು ಕಂಡರೆ ಅದು ಬಹುಮಟ್ಟಿಗೆ ಮಾರ್ಕ್ಲಿನ್ನಿನ ಹಳೇ ಎಂ ಹಳಿ. ಅದರ ಮೇಲೆ ನಿಂತಿರುವ ಎಂಜಿನ್ನೂ ಮಾರ್ಕ್ಲಿನ್ನಿನದೇ ಆಗಿರುವ ಸಾಧ್ಯತೆ ಜಾಸ್ತಿ.

ಇನ್ನೊಂದು ಜಾಗ ರಾಶಿ ಲಾಟ್‌ಗಳು, ಅಂದರೆ ಎಲ್ಲವನ್ನೂ ಒಟ್ಟಿಗೆ ಸೇರಿಸಿ ಒಂದೇ ಬೆಲೆಗೆ ಮಾರುವ ಗುಡ್ಡೆಗಳು. ಒಂದೇ ಫೋಟೊದಲ್ಲಿ ಹಳಿಯ ಗುಡ್ಡೆ, ಮುರಿದ ಸ್ಟೇಷನ್, ಪ್ಲಾಸ್ಟಿಕ್ ಮರಗಳು, ಚಕ್ರ ಮೇಲಾಗಿ ಬಿದ್ದ ಬೋಗಿಗಳು. ಮೂಲೆಯಲ್ಲಿ ಅರ್ಧ ಕಾಣುವ ಒಂದು ಎಂಜಿನ್. ಇಂಥದ್ದಕ್ಕೆ ಬೆಲೆ ಕಟ್ಟುವಾಗ ನಾನು ಒಂದು ಕಟ್ಟುನಿಟ್ಟಿನ ಲೆಕ್ಕ ಹಿಡಿಯುತ್ತೇನೆ. ಗುರುತು ಸಿಕ್ಕ ವಸ್ತುಗಳಿಗೆ ಮಾತ್ರ ಬೆಲೆ, ಉಳಿದದ್ದೆಲ್ಲ ಸೊನ್ನೆ. ‘ಕೆಳಗೆ ಇನ್ನೇನೋ ಇರಬಹುದು’ ಎಂಬ ಆಸೆಗೆ ಬೆಲೆ ಕಟ್ಟಬಾರದು. ಬೇಡವಾದ ಮನೆ, ಮರ, ಬೋಗಿಗಳನ್ನು ವಿಂಗಡಿಸಿ ತಿರುಗಿ ಮಾರಿದರೆ ಎಂಜಿನ್ನಿಗೆ ಬಿದ್ದ ಖರ್ಚು ಇನ್ನೂ ಇಳಿಯುತ್ತದೆ. ಹಳಿ ಮಾತ್ರ ತೂಕದ ಸಾಮಾನು, ಸಾಗಣೆಯಲ್ಲೇ ಲಾಭ ನುಂಗಿಬಿಡುತ್ತದೆ. ತುಕ್ಕು ಹಿಡಿದ ಉಕ್ಕಿನ ಹಳಿಯನ್ನಂತೂ ಪುಕ್ಕಟೆ ಕೊಟ್ಟರೂ ಬೇಡ ಅನ್ನಿ.

‘ಅಪರೂಪ’ ಎಂಬ ಪದವನ್ನು ಕಂಡರೆ ಮುಂದಕ್ಕೆ ಹೋಗಿ. ಮಾರ್ಕ್ಲಿನ್ನಿನ 3000 ನಂಬರಿನ ಪುಟ್ಟ ಕಪ್ಪು ಟ್ಯಾಂಕ್ ಎಂಜಿನ್ ದಶಕಗಳ ಕಾಲ ತಯಾರಾಗಿದೆ. ಅದನ್ನೂ ಅಪರೂಪ ಅಂತಲೇ ಮಾರುವವರಿದ್ದಾರೆ.

ಫೋಟೊ ಓದುವುದು

ಈಗ ದೋಷಗಳ ವಿಷಯ. ‘ಪರೀಕ್ಷಿಸಿಲ್ಲ’ ಅಂತ ಬರೆದಿದ್ದರೆ ಎರಡು ಅರ್ಥ. ಮನೆ ಖಾಲಿ ಮಾಡುವವರು ಬರೆದಿದ್ದರೆ ನಿಜವಿರಬಹುದು, ಅವರ ಬಳಿ ಹಳಿಗೆ ವಿದ್ಯುತ್ ಕೊಡುವ ಕಂಟ್ರೋಲರ್ ಇರುವುದಿಲ್ಲ. ಆದರೆ ಮಾರಾಟಗಾರರೊಬ್ಬರು ತಮ್ಮ ಉಳಿದ ಎಂಜಿನ್‌ಗಳ ಬಗ್ಗೆ ‘ಚೆನ್ನಾಗಿ ಓಡುತ್ತದೆ’ ಎಂದು ಬರೆದು ಇದೊಂದಕ್ಕೆ ಮಾತ್ರ ‘ಪರೀಕ್ಷಿಸಿಲ್ಲ’ ಎಂದರೆ, ಓಡಿಸಿ ನೋಡಿದ್ದಾರೆ, ಓಡಿಲ್ಲ. ಸಾಮಾನ್ಯ ಎರಡು ಹಳಿಯ ಡಿಸಿ ಎಂಜಿನ್ನಿಗೆ 9 ವೋಲ್ಟ್ ಬ್ಯಾಟರಿಯ ಎರಡು ತಂತಿಗಳನ್ನು ಎಡಬಲದ ಚಕ್ರಗಳಿಗೆ ತಾಗಿಸಿದರೆ ಸಾಕು, ಜೀವ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಮಾರಾಟಗಾರರಿಗೆ ಇದನ್ನು ಹೇಳಿಕೊಟ್ಟರೆ ಅವರು ಪರೀಕ್ಷಿಸಿ ‘ಓಡುತ್ತದೆ’ ಅಂತ ಎಲ್ಲರಿಗೂ ಕಾಣುವಂತೆ ಬರೆಯುತ್ತಾರೆ. ಬೆಲೆ ಏರುತ್ತದೆ. ಅದಕ್ಕೇ ನಾನಾದರೆ ತಳದ ಒಂದು ಫೋಟೊ ಮಾತ್ರ ಕೇಳುತ್ತೇನೆ.

ತಳ ನೋಡಿದರೆ ಎಷ್ಟೋ ತಿಳಿಯುತ್ತದೆ. ಚಕ್ರದ ಮೇಲೆ ಕಪ್ಪು ಜಿಡ್ಡು ಕಟ್ಟಿದ್ದರೆ ಬಹಳ ಓಡಿದೆ ಎಂದರ್ಥ. ಅದು ದೋಷವಲ್ಲ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಹೋಗುತ್ತದೆ. ಚಕ್ರದ ರಬ್ಬರ್ ಪಟ್ಟಿ ಒಣಗಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಬಹುದು. ವರ್ಷಗಟ್ಟಲೆ ಸುಮ್ನೆ ಕೂತ ಎಂಜಿನ್ನಿನ ಗ್ರೀಸ್ ಗಟ್ಟಿಯಾಗಿ ಮೋಟಾರ್ ತಿರುಗದೆ ಹೋಗುವುದು ತೀರಾ ಸಾಮಾನ್ಯ. ‘ಕೆಟ್ಟಿದೆ’ ಎಂದು ಮಾರುವ ಎಷ್ಟೋ ಎಂಜಿನ್‌ಗಳ ಕಾಯಿಲೆ ಇಷ್ಟೇ. ಸವೆದ ಕಾರ್ಬನ್ ಬ್ರಷ್, ಕಳೆದುಹೋದ ಕಪ್ಲಿಂಗ್ (ಬೋಗಿ ಜೋಡಿಸುವ ಕೊಂಡಿ), ಮುರಿದ ಹ್ಯಾಂಡ್‌ರೈಲ್ ಇವೂ ಚಿಲ್ಲರೆ ಕೆಲಸಗಳೇ.

ನನಗೆ ತುಂಬ ಇಷ್ಟವಾದ ದೋಷ ಇನ್ನೊಂದಿದೆ. ‘ಓಡುತ್ತದೆ, ಆದರೆ ಸ್ವಲ್ಪ ಕುಂಟುತ್ತದೆ’ ಎಂಬ ವಿವರಣೆ. ಚಕ್ರ ಒಂದು ಸುತ್ತು ಬಂದಾಗಲೆಲ್ಲ ‘ಟಕ್’ ಎಂದು ಶಬ್ದ, ಎಂಜಿನ್ನಿಗೆ ಒಂದು ಸಣ್ಣ ಎಗರು. ಒಳಗೆ ಎರಡು ಚಕ್ರಗಳನ್ನು ಜೋಡಿಸುವ ಲೋಹದ ಅಚ್ಚಿಗೆ ಪ್ಲಾಸ್ಟಿಕ್ ಗೇರನ್ನು ಬಿಗಿಯಾಗಿ ಕೂರಿಸಿರುತ್ತಾರೆ. ವರ್ಷ ಕಳೆದಂತೆ ಪ್ಲಾಸ್ಟಿಕ್ ಕುಗ್ಗಿ ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸೀಳುತ್ತದೆ. ಆ ಸೀಳಿನ ಕಡೆ ಹಲ್ಲುಗಳ ಅಂತರ ಹೆಚ್ಚಾಗಿ, ಪಕ್ಕದ ಗೇರ್ ಅಲ್ಲಿಗೆ ಬಂದಾಗ ಎಡವುತ್ತದೆ. ಅಮೆರಿಕದ ಲೈಫ್-ಲೈಕ್ ಕಂಪನಿಯವರ ಪ್ರೋಟೊ 2000 ಡೀಸೆಲ್ ಎಂಜಿನ್‌ಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಬದಲಿ ಗೇರ್ ಸಿಗುತ್ತದೆ, ಹಾಕುವುದು ಒಂದು ಸಂಜೆಯ ಕೆಲಸ. ಗೊತ್ತಿಲ್ಲದವರು ಮೋಟಾರ್ ಹೋಗಿದೆ ಎಂದುಕೊಂಡು ದೂರ ಸರಿಯುತ್ತಾರೆ.

ಇನ್ನು ಮುಟ್ಟಲೇಬಾರದ್ದು. ಸತುವಿನ ಮಿಶ್ರಲೋಹದ ಎರಕದಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ಲೋಹ ಒಳಗಿನಿಂದಲೇ ಕೊಳೆಯುತ್ತದೆ. ಮೊದಲು ಉಬ್ಬುತ್ತದೆ, ಆಮೇಲೆ ಬಿರುಕು ಬಿಡುತ್ತದೆ, ಕೊನೆಗೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಎರಕದ ಮಾಡೆಲ್‌ಗಳಲ್ಲಿ ಜಾಸ್ತಿ. 1938ರಲ್ಲಿ ಶುರುವಾದ ಬ್ರಿಟನ್ನಿನ ಹಾರ್ನ್‌ಬಿ ಡಬ್ಲೊ ಸರಣಿಯ ಮೊದಮೊದಲ ಮಾಡೆಲ್‌ಗಳೂ ಇದಕ್ಕೆ ತುತ್ತಾಗಿವೆ. ಹೊಸ ಕಾಲದವುಗಳಲ್ಲೂ ಆಗೊಮ್ಮೆ ಈಗೊಮ್ಮೆ ಕಾಣುತ್ತದೆ. ಫೋಟೊ ದೊಡ್ಡದು ಮಾಡಿ, ಎಂಜಿನ್ನಿನ ಮೈ ಮತ್ತು ತಳದ ಚೌಕಟ್ಟು ಸೇರುವ ಗೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ನೋಡುತ್ತಾ ಹೋಗಿ. ಗೆರೆ ನೇರವಾಗಿರಬೇಕು. ನಡುವೆ ಬಾಗಿದ್ದರೆ, ಮೈ ಒಂದು ಕಡೆ ಎದ್ದು ಕೂತಿದ್ದರೆ, ಲೋಹದ ಮೇಲೆ ಜೇಡರ ಬಲೆಯಂಥ ಬಿರುಕುಗಳಿದ್ದರೆ ಬೇಡ. ಮೋಟಾರ್ ಹತ್ತಿರ ಪ್ಲಾಸ್ಟಿಕ್ ಕರಗಿದ್ದರೂ ಬೇಡ. ಕೈಕೆಲಸದ ಹಿತ್ತಾಳೆ ಮಾಡೆಲ್ ಆದರೆ ಡಬ್ಬದೊಳಗಿನ ಫೋಮ್‌ನ ಫೋಟೊವನ್ನೂ ಕೇಳಿ ನೋಡಿ. ಅದು ಹಳತಾಗಿ ಅಂಟಂಟಾಗಿ ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ.

ಒಂದೇ ಮಾಡೆಲ್‌ನ ಎರಡು ಕೆಟ್ಟ ಎಂಜಿನ್ ಕೊಂಡು ಒಂದು ಒಳ್ಳೆಯದನ್ನು ಮಾಡಿಕೊಳ್ಳುವುದೂ ಉಂಟು. ಅಂದಹಾಗೆ, 1995ರಲ್ಲಿ ಇಬೇ ಶುರುವಾದಾಗ ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ!

ಕೊಳ್ಳುವ ಮೊದಲು ಅದು ನಿಮ್ಮ ಹಳಿಗೆ ಹೊಂದುತ್ತದೋ ನೋಡಿ. ಎಚ್‌ಓ ಅಂದರೆ 1:87, ಬ್ರಿಟನ್ನಿನ ಓಓ ಅಂದರೆ 1:76. ಎರಡೂ ಓಡುವುದು 16.5 ಮಿಲಿಮೀಟರ್ ಹಳಿಯ ಮೇಲೆಯೇ. ಆದರೆ ಪಕ್ಕಪಕ್ಕ ನಿಲ್ಲಿಸಿದರೆ ಒಂದು ದಪ್ಪ, ಒಂದು ಸಣ್ಣ. ಎನ್ ಸ್ಕೇಲಿನಲ್ಲೂ ಹೀಗೇ: ಯುರೋಪ್, ಅಮೆರಿಕದ್ದು 1:160, ಬ್ರಿಟನ್ನಿನದು 1:148, ಹಳಿ ಮಾತ್ರ ಒಂದೇ 9 ಮಿಲಿಮೀಟರ್. ಇದನ್ನು ಸಹಿಸಿಕೊಳ್ಳಬಹುದು. ಮಾರ್ಕ್ಲಿನ್ನಿನ ಮೂರು ಹಳಿಯ ಎಸಿ ಎಂಜಿನ್ ಮಾತ್ರ ನಿಮ್ಮ ಡಿಸಿ ಹಳಿಯ ಮೇಲೆ ಓಡುವುದೇ ಇಲ್ಲ. ಎಡಬಲದ ಚಕ್ರಗಳು ಒಂದಕ್ಕೊಂದು ವಿದ್ಯುತ್ ದಾಟಿಸುವುದರಿಂದ ಶಾರ್ಟ್ ಆಗುತ್ತದೆ. ಡಿಸಿಸಿ ಅಂದರೆ ಒಂದೊಂದು ಎಂಜಿನ್ನನ್ನೂ ಬೇರೆಬೇರೆಯಾಗಿ ಓಡಿಸುವ ಡಿಜಿಟಲ್ ವ್ಯವಸ್ಥೆ. ‘ಡಿಸಿಸಿ ರೆಡಿ’ ಎಂದರೆ ಅದರ ಆಜ್ಞೆ ಓದುವ ಡಿಕೋಡರ್ ಚಿಪ್ ಕೂರಿಸಲು ಸಾಕೆಟ್ ಇದೆ ಅಂತ ಅಷ್ಟೇ, ಡಿಕೋಡರ್ ಇದೆ ಅಂತಲ್ಲ.

ಪಾರ್ಸೆಲ್ ಬಂದ ದಿನವೇ ಬಿಚ್ಚಿ, ಬಿಚ್ಚುವಾಗಲೇ ಫೋಟೊ ತೆಗೆಯಿರಿ. ವಾಪಸ್ ಮಾಡುವ ಅವಧಿ ಓಡುತ್ತಿರುತ್ತದೆ. ಚಕ್ರ ಕೈಯಲ್ಲಿ ತಿರುಗದಿದ್ದರೆ ಗಾಬರಿಯಾಗಬೇಡಿ, ಬಲವಂತವಾಗಿ ತಿರುಗಿಸಲೂ ಹೋಗಬೇಡಿ. ವರ್ಮ್ ಗೇರ್ (ತಿರುಪಿನಂಥ ಗೇರ್) ಇರುವ ಎಂಜಿನ್ನಿನಲ್ಲಿ ಮೋಟಾರ್ ಚಕ್ರವನ್ನು ತಿರುಗಿಸಬಲ್ಲದು, ಚಕ್ರದಿಂದ ಮೋಟಾರನ್ನು ತಿರುಗಿಸಲಾಗದು. ಬಲ ಹಾಕಿದರೆ ಗೇರಿನ ಹಲ್ಲು ಹೋಗುತ್ತದೆ. ಮೊದಲು ಬೇಕಾದ ಕಡೆ ಒಂದೊಂದು ಹನಿ ಎಣ್ಣೆ ಬಿಟ್ಟು, ಕಡಿಮೆ ವೋಲ್ಟೇಜಿನಲ್ಲಿ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಹೊತ್ತು ಓಡಿಸಿ. ಪ್ಯಾಕಿಂಗ್ ಕಾಗದವನ್ನು ಎಸೆಯುವ ಮೊದಲು ಚೆನ್ನಾಗಿ ಕೊಡವಿ ನೋಡಿ. ದಾರಿಯಲ್ಲಿ ಕಳಚಿಕೊಂಡ ಬಫರ್, ಕಪ್ಲಿಂಗ್ ಅದರ ಮಡಿಕೆಯಲ್ಲೇ ಸಿಕ್ಕಿಕೊಂಡಿರುತ್ತವೆ.